ಮುಚ್ಚಿದ ಬಲಗೈ: ಜಗಳೂರು ಕಡೆಯ ಒಂದು ಕೂಸಿನ ಪ್ರಕರಣ

ದಾವಣಗೆರೆಯಲ್ಲಿ ಚಿಕ್ಕ ಮಕ್ಕಳಿಗೆ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಇಲ್ಲಿ ಬರೆಯುತ್ತಿರುವುದು ಒಂದೇ ಒಂದು ಮಗುವಿನ ವಿಷಯ. ಅವಳನ್ನು ಪುಟ್ಟಿ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ಊರು, ಆಸ್ಪತ್ರೆ, ವರ್ಷ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಬರೆಯಲು ಮನೆಯವರು ಒಪ್ಪಿದ್ದಾರೆ.

ಒಂದು ಬದಿಯ ಕೈಕಾಲು ಸೋತ ಮಕ್ಕಳು ನನ್ನ ಹತ್ತಿರ ಸಾಮಾನ್ಯವಾಗಿ ಒಂದೂವರೆ, ಎರಡು ವರ್ಷಕ್ಕೆ ಬರುತ್ತಾರೆ. ಪುಟ್ಟಿ ನಾಲ್ಕೂವರೆ ತಿಂಗಳಿಗೇ ಬಂದಳು. ಅಷ್ಟು ಬೇಗ ಬಂದರೂ ಮೊದಲ ಮೂರು ವಾರ ನನ್ನ ತಪ್ಪಿನಿಂದಲೇ ಹಾಳಾಯಿತು. ಆಮೇಲೆ ಏನೇನು ಬದಲಾಯಿತು ಎನ್ನುವುದು ನಮ್ಮ ಕೆಲಸದವರಿಗೆ, ಆಶಾ ಕಾರ್ಯಕರ್ತೆಯರಿಗೆ, ಇಂಥ ಕೂಸು ಇರುವ ಮನೆಯವರಿಗೆ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಪುಟ್ಟಿಯ ತಾಯಿಯ ತವರು ಜಗಳೂರು ತಾಲ್ಲೂಕಿನಲ್ಲಿ. ಗಂಡನ ಮನೆ ಚಳ್ಳಕೆರೆ ಕಡೆ. ಚೊಚ್ಚಲ ಹೆರಿಗೆ, ಹಾಗಾಗಿ ಬಾಣಂತನ ತವರಿನಲ್ಲಿ. ತಿಂಗಳು ತುಂಬಿ ಹುಟ್ಟಿದ ಮಗು, ತೂಕವೂ ಚೆನ್ನಾಗಿತ್ತು. ಎರಡನೇ ದಿನ ಬಲಗೈ, ಬಲಗಾಲು ಪಟಪಟ ಅದುರಲು ಶುರುವಾಯಿತು. ಫಿಟ್ಸ್. ನವಜಾತ ಶಿಶುಗಳ ಘಟಕಕ್ಕೆ ಸೇರಿಸಿದರು, ಎಂಆರ್‌ಐ ಮಾಡಿಸಿದರು. ಮಿದುಳಿನ ಎಡಭಾಗಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಂಡು ಅಲ್ಲಿ ಒಂದಿಷ್ಟು ಜಾಗ ಹಾನಿಯಾಗಿತ್ತು. ಅಂದರೆ ಸ್ಟ್ರೋಕ್. ಹನ್ನೊಂದು ದಿನಕ್ಕೆ ಫಿಟ್ಸ್ ನಿಂತಿತು, ಔಷಧಿ ಬರೆದು ಮನೆಗೆ ಕಳಿಸಿದರು.

ಮನೆಯವರಿಗೆ ಅರ್ಥವಾಗಿದ್ದು ಇಷ್ಟು: ತಲೆಯಲ್ಲಿ ಏನೋ ಆಗಿತ್ತು, ಈಗ ವಾಸಿಯಾಗಿದೆ. ಎಡ ಮಿದುಳಿಗೆ ಪೆಟ್ಟಾದರೆ ಬಲಗೈ, ಬಲಗಾಲಿನ ಮೇಲೆ ಕಣ್ಣಿಡಬೇಕು, ಮೂರು ತಿಂಗಳಿಗೆ ಮತ್ತೆ ಕರೆದುಕೊಂಡು ಬರಬೇಕು ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು, ಅಷ್ಟೇ. ಯಾವ ಆಸ್ಪತ್ರೆ ಎನ್ನುವುದು ಇಲ್ಲಿ ಬೇಡ. ಇಂಥ ಕಾರ್ಡುಗಳನ್ನು ನಾನು ಹಲವು ಕಡೆಯಿಂದ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಮೊದಲು ಗಮನಿಸಿದ್ದು ಅಜ್ಜಿ, ತಾಯಿಯ ತಾಯಿ. ದಿನಾ ಎರೆಯುವವರು ಅವರೇ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚುತ್ತಿದ್ದರು. ಎಡಗೈ ಅಂಗೈ ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. ಬಲಗೈ ಮಾತ್ರ ಮುಷ್ಟಿ, ಹೆಬ್ಬೆರಳು ಒಳಗೆ. ಬಿಡಿಸಿ ನೋಡಿದರೆ ಬೆರಳ ಸಂದಿಯಲ್ಲಿ ನಿನ್ನೆಯ ಎಣ್ಣೆ, ಬಟ್ಟೆಯ ನೂಲು, ಹುಳಿ ಹುಳಿ ವಾಸನೆ. "ಎರಡು ಕೈಗೂ ಒಂದೇ ಎಣ್ಣೆ ಹಚ್ತೀನಿ, ಒಂದ್ರಾಗೆ ಮಾತ್ರ ಕೊಳೆ ನಿಲ್ತದಲ್ಲ" ಎಂದು ಅವರಿಗೆ ಅನುಮಾನ ಬಂದದ್ದು ಮೂರನೇ ತಿಂಗಳಲ್ಲಿ.

ಮನೆಯಲ್ಲಿ ಸಿಕ್ಕ ಉತ್ತರ: "ಅವರಪ್ಪ ಎಡಚ, ಕೂಸೂ ಎಡಚ." ಈ ಮಾತನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಆದರೆ ವರ್ಷ ತುಂಬುವ ಮೊದಲು ಯಾವ ಮಗುವೂ ಎಡಚ ಅಥವಾ ಬಲಚ ಎಂದು ತೋರಿಸಿಕೊಳ್ಳಬಾರದು. ಮೂರು ತಿಂಗಳ ಹೊತ್ತಿಗೆ ಎರಡೂ ಅಂಗೈ ಬಿಚ್ಚಿಕೊಳ್ಳಬೇಕು. ನಾಲ್ಕೈದು ತಿಂಗಳಿಗೆ ಎರಡೂ ಕೈ ಆಟಿಕೆಗೆ ಚಾಚಬೇಕು. ಆರು ತಿಂಗಳ ಆಸುಪಾಸಿನಲ್ಲಿ ಒಂದು ಕೈಯಿಂದ ಇನ್ನೊಂದಕ್ಕೆ ವಸ್ತು ದಾಟಿಸಬೇಕು. ಒಂದೇ ಕೈ ಎಲ್ಲ ಕೆಲಸ ಮಾಡುತ್ತಿದೆ ಎಂದರೆ ಇನ್ನೊಂದಕ್ಕೆ ಏನೋ ಆಗಿದೆ ಎಂದೇ ತಿಳಿಯಬೇಕು.

ಅದೃಷ್ಟಕ್ಕೆ ಆ ಊರಿನ ಆಶಾ ಕಾರ್ಯಕರ್ತೆ ಮೂರನೇ ತಿಂಗಳ ಭೇಟಿಗೆ ಬಂದಾಗ "ಹುಟ್ಟಿದಾಗ ಫಿಟ್ಸ್ ಬಂದಿತ್ತು" ಎಂಬ ಮಾತು ಕೇಳಿಸಿಕೊಂಡರು, ಮುಷ್ಟಿಯನ್ನೂ ನೋಡಿದರು. ಎಡಚ ಎಂಬ ಮಾತಿಗೆ ಅವರು ತಲೆಯಾಡಿಸಲಿಲ್ಲ. ಎರಡು ಸಲ ಬಂದು ಒತ್ತಾಯ ಮಾಡಿ ಕಳಿಸಿದರು.

ಏನು ಕಂಡೆವು, ಏನು ಹೇಳಿದೆವು

ಪುಟ್ಟಿ ನಗುವ, ಮುಖ ನೋಡಿ ಕೇಕೆ ಹಾಕುವ ಮಗು. ಎಡಗೈಗೆ ಏನು ಸಿಕ್ಕರೂ ಬಾಯಿಗೆ. ಬಲಗೈ ಮೈಗೆ ಅಂಟಿಕೊಂಡಿತ್ತು, ಮೊಣಕೈ ಮಡಚಿತ್ತು. ಎಡಗಾಲು ಒದೆಯುವಷ್ಟು ಬಲಗಾಲು ಒದೆಯುತ್ತಿರಲಿಲ್ಲ. ಮಕ್ಕಳ ವೈದ್ಯರು ಹೈನ್ ಎಂಬ ನರ ಪರೀಕ್ಷೆ ಮಾಡಿದರು. 26 ಅಂಶ, ಒಟ್ಟು 78 ಅಂಕ. ಎಡ ಬಲದ ವ್ಯತ್ಯಾಸ ಅದರಲ್ಲಿ ಚೆನ್ನಾಗಿಯೇ ಕಂಡಿತು. ಮೂರರಿಂದ ಐದು ತಿಂಗಳೊಳಗೆ ಮಗು ಸುಮ್ನೆ ಮಲಗಿದ್ದಾಗಿನ ಸಣ್ಣ ಸಣ್ಣ ಚಲನೆಗಳನ್ನು ವಿಡಿಯೋದಲ್ಲಿ ನೋಡಿ ಹೇಳುವ ಪರೀಕ್ಷೆಯೂ ಒಂದಿದೆ. ಆ ಕಾಲ ಮುಗಿಯುತ್ತಾ ಬಂದಿತ್ತು, ತರಬೇತಿ ಪಡೆದವರು ನಮ್ಮಲ್ಲಿ ಆಗ ಇರಲಿಲ್ಲ. ಎಂಆರ್‌ಐ ಮತ್ತು ಹೈನ್ ಎರಡೂ ಒಂದೇ ಮಾತು ಹೇಳುತ್ತಿದ್ದವು.

ಈ ಹಂತದಲ್ಲಿ ಮನೆಯವರಿಗೆ ಏನು ಹೇಳಬೇಕು? ಮೊದಲೆಲ್ಲ "ಕಾದು ನೋಡೋಣ" ಎನ್ನುವ ಪದ್ಧತಿ ಇತ್ತು. ಬೆಳೆಯುವ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕುಂದುವ ತೊಂದರೆಗೆ ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಹಾಗೆಂದು ಹೇಳಲು ಒಂದರಿಂದ ಎರಡು ವರ್ಷ ಕಾಯುತ್ತಿದ್ದರು. 2017ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಶಿಫಾರಸು ಪ್ರಕಟಿಸಿದರು: ಆರು ತಿಂಗಳೊಳಗೇ ಗುರುತಿಸಬಹುದು, ಖಚಿತವಾಗಿ ಹೇಳಲು ಆಗದಿದ್ದರೆ "ಸೆರೆಬ್ರಲ್ ಪಾಲ್ಸಿ ಬರುವ ಅಪಾಯ ಜಾಸ್ತಿ ಇದೆ" ಎಂದು ಹೇಳಿ ಆವತ್ತಿನಿಂದಲೇ ಚಿಕಿತ್ಸೆ ಶುರು ಮಾಡಿ ಎಂದು. ನಾವು ಹಾಗೇ ಹೇಳಲು ನಿರ್ಧರಿಸಿದೆವು.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಹಾಲು ಕುಡಿಯೋ ಕೂಸಿಗೂ ಲಕ್ವ ಹೊಡೀತದೇನ್ರಿ ಮೇಡಮ್ಮಾರೆ?" ಹೌದು ಅಜ್ಜಿ, ಹೊಡೆಯುತ್ತದೆ ಎಂದೆ. ತಾಯಿ ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಬಸುರಿಯಿದ್ದಾಗ ಗ್ರಹಣದ ದಿನ ಹೊರಗೆ ಹೋಗಿದ್ದಕ್ಕೆ ಹೀಗಾಯಿತಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ ತಾಯಿ, ಇದರಲ್ಲಿ ನಿನ್ನ ತಪ್ಪು ಒಂದಿಷ್ಟೂ ಇಲ್ಲ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಹೇಳಬೇಕಿತ್ತು.

ಬೇಗ ಶುರು ಮಾಡುವುದಕ್ಕೆ ಕಾರಣವನ್ನೂ ಹೇಳಿದೆ. ಹುಟ್ಟಿದಾಗ ಮಿದುಳಿನ ಎರಡೂ ಬದಿಯಿಂದ ಒಂದೊಂದು ಕೈಗೂ ನರದ ದಾರಿ ಇರುತ್ತದೆ. ಬೆಳೆಯುತ್ತಾ ಬಳಕೆ ಇರುವ ದಾರಿ ಗಟ್ಟಿಯಾಗುತ್ತದೆ, ಬಳಕೆ ಇಲ್ಲದ್ದು ಸೊರಗುತ್ತದೆ. ಪುಟ್ಟಿಯ ಎಡ ಮಿದುಳಿನಲ್ಲಿ ಉಳಿದಿರುವ ಭಾಗದಿಂದ ಬಲಗೈಗೆ ಬರುವ ದಾರಿಗೆ ಈಗಲೇ ಕೆಲಸ ಕೊಡಬೇಕು. ಅಜ್ಜಿಗೆ ಇದು ತಕ್ಷಣ ಹಿಡಿಸಿತು. "ಓಡಾಡದ ಬದುವಿನ ಮ್ಯಾಲೆ ಹುಲ್ಲು ಬೆಳ್ದಂಗೆ" ಎಂದರು. ಅಲ್ಲಿಂದ ಮುಂದೆ ನಾನೂ ಎಲ್ಲ ಮನೆಯವರಿಗೂ ಇದೇ ಮಾತು ಹೇಳುತ್ತೇನೆ.

ಹಾಳಾದ ಮೂರು ವಾರ

ಆವತ್ತು ನಾನು ಕೊಟ್ಟದ್ದು ಒಂದು ಅಚ್ಚು ಹಾಕಿದ ಹಾಳೆ. ಭುಜ, ಮೊಣಕೈ, ಮಣಿಕಟ್ಟು, ಬೆರಳು ಬಿಡಿಸುವ ವ್ಯಾಯಾಮಗಳು, ದಿನಕ್ಕೆ ಮೂರು ಸಲ. ವಾರಕ್ಕೊಮ್ಮೆ ದಾವಣಗೆರೆಗೆ ಬನ್ನಿ ಎಂದೆ. ಮೂರು ವಾರದಲ್ಲಿ ಅವರು ಬಂದದ್ದು ಒಂದೇ ಸಲ, ಕೊನೆಯ ವಾರ. ಯಾಕೆ ಬರಲಿಲ್ಲ ಎಂದು ಕೇಳಿದ್ದಕ್ಕೆ ಅಜ್ಜಿ, "ಬಸ್ಸಿಗೇನೋ ದುಡ್ಡು ಕೊಡಂಗಿಲ್ಲ, ಆದ್ರೆ ಒಂದು ದಿನದ ಕೂಲಿ ಹೋಗ್ತದಲ್ರಿ" ಎಂದರು.

ಬರದಿದ್ದರೂ ಅವರು ಸುಮ್ಮನೆ ಕೂತಿರಲಿಲ್ಲ. ಹಾಳೆಯಲ್ಲಿ ಇದ್ದದ್ದನ್ನೆಲ್ಲ ನಿಷ್ಠೆಯಿಂದ ಮಾಡಿದ್ದರು. ಎಣ್ಣೆ ಹಚ್ಚಿ ತೀಡಿ, ಬೆರಳು ಒಂದೊಂದೇ ಎಳೆದು, ಹೆಬ್ಬೆರಳ ತುದಿ ಹಿಡಿದು ಹೊರಗೆ ಜಗ್ಗಿದ್ದರು. ಹೆಬ್ಬೆರಳ ಬುಡ ಸ್ವಲ್ಪ ಕೆಂಪಾಗಿತ್ತು. ತುದಿ ಹಿಡಿದು ಎಳೆಯಬಾರದು, ಬುಡದಲ್ಲಿ ಹಿಡಿದು ನಿಧಾನ ಬಿಡಿಸಬೇಕು. ಅದನ್ನು ಹಾಳೆಯ ಚಿತ್ರ ತೋರಿಸಿರಲಿಲ್ಲ, ನಾನೂ ತೋರಿಸಿರಲಿಲ್ಲ. ಬಲಗೈ ಮುಟ್ಟಲು ಹೋದರೆ ಸಾಕು ಪುಟ್ಟಿ ಈಗ ಅಳುತ್ತಿದ್ದಳು.

ಅಲ್ಲಿಯೇ ಕೂತು ಯೋಚನೆ ಮಾಡಿದಾಗ ನನಗೆ ನಾಚಿಕೆಯಾಯಿತು. ಆ ಹಾಳೆಯಲ್ಲಿ ಇದ್ದದ್ದೆಲ್ಲ ದೊಡ್ಡವರು ಮಗುವಿನ ಕೈಗೆ ಮಾಡುವ ಕೆಲಸ. ಪುಟ್ಟಿ ತಾನಾಗಿ ಮಾಡಬೇಕಾದದ್ದು ಒಂದೂ ಇರಲಿಲ್ಲ. ನಾವು ಎಷ್ಟೇ ಸಲ ಬಿಡಿಸಿದರೂ ಅದು ಮಿದುಳು ಕಳಿಸಿದ ಅಪ್ಪಣೆಯಲ್ಲ. ಬೇಕು ಎಂದು ಮಗುವಿಗೇ ಅನಿಸಿ, ಅದೇ ಕೈ ಚಾಚಿದರೆ ಮಾತ್ರ ಆ ದಾರಿಯಲ್ಲಿ ಓಡಾಟ ಆಗುತ್ತದೆ. ಓದಿನಲ್ಲಿ ಇದು ನನಗೆ ಗೊತ್ತಿತ್ತು. ಸ್ವೀಡನ್ನಿನ ಆನ್-ಕ್ರಿಸ್ಟಿನ್ ಎಲಿಯಾಸನ್ ಮತ್ತು ಜೊತೆಗಾರರು ವರ್ಷದೊಳಗಿನ ಮಕ್ಕಳಲ್ಲಿ ಮಾಡಿದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪಿಗೆ ಸೋತ ಕೈಯಿಂದಲೇ ಆಡುವ ಚಿಕಿತ್ಸೆ, ಇನ್ನೊಂದು ಗುಂಪಿಗೆ ಮಸಾಜ್. ಸೋತ ಕೈ ಹೆಚ್ಚು ಸುಧಾರಿಸಿದ್ದು ಆಡಿದ ಗುಂಪಿನಲ್ಲಿ. ಅದನ್ನು ಓದಿಯೂ ನಾನು ಪುಟ್ಟಿಯ ಮನೆಗೆ ಮಸಾಜನ್ನೇ ಬರೆದುಕೊಟ್ಟಿದ್ದೆ.

ಇಪ್ಪತ್ತರವರೆಗೆ ಎಣಿಸುವುದು

ಮುಂದಿನ ವಾರ ನಾನೇ ಅವರ ಮನೆಗೆ ಹೋದೆ. ಆಶಾ ಕಾರ್ಯಕರ್ತೆಯೂ ಬಂದರು. ಆಟಿಕೆ ಏನೂ ಒಯ್ಯಲಿಲ್ಲ. ಮನೆಯಲ್ಲಿ ಏನಿದೆಯೋ ಅದರಲ್ಲೇ ಆಗಬೇಕು ಎಂದು ತೀರ್ಮಾನಿಸಿದ್ದೆ. ಸ್ಟೀಲ್ ಚಮಚ ತಂದರು, ನುಣುಪು, ಭಾರ. ಗಿಲಕಿ ತಂದರು, ಹಿಡಿ ದಪ್ಪ. ಕೊನೆಗೆ ಪುಟ್ಟಿ ಕಣ್ಣು ನೆಟ್ಟದ್ದು ಅಜ್ಜಿಯ ಹಸಿರು ಬಳೆಯ ಮೇಲೆ. ಗಾಜಿನ ಬಳೆ ಕೊಡುವ ಹಾಗಿಲ್ಲ. ನಾಲ್ಕು ಹಳೆಯ ಪ್ಲಾಸ್ಟಿಕ್ ಬಳೆಗಳನ್ನು ಕೆಂಪು ಉಲ್ಲನ್ ದಾರದಲ್ಲಿ ಬಿಗಿಯಾಗಿ ಸುತ್ತಿ ಒಂದು ಗೊಂಚಲು ಮಾಡಿದೆವು. ಹಗುರ, ಮುಟ್ಟಿದರೆ ಶಬ್ದ, ಬೆರಳು ತೂರಿಸಲು ಜಾಗ.

ಕಂಬಳಿ ಮಡಚಿ ಹಾಸಿ, ಪುಟ್ಟಿಯನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಬಳೆ ಗೊಂಚಲನ್ನು ಎದೆಯ ನೇರಕ್ಕೆ ಹಿಡಿದೆ, ತೀರಾ ಬಲಕ್ಕೆ ಹಿಡಿಯಲಿಲ್ಲ. ಎಡ ಮಿದುಳಿನ ಸ್ಟ್ರೋಕಿನಲ್ಲಿ ಕೆಲವು ಮಕ್ಕಳಿಗೆ ಬಲಬದಿಯ ನೋಟವೇ ಕಡಿಮೆ ಇರುತ್ತದೆ. ಕಾಣದ ವಸ್ತುವಿಗೆ ಕೈ ಚಾಚು ಎಂದರೆ ಹೇಗೆ? ಮೊದಲ ಸಲ ಎಡಗೈ ಓಡಿ ಬಂದು ಕಿತ್ತುಕೊಂಡಿತು. ಎರಡನೇ ಸಲವೂ ಅಷ್ಟೇ. ಮೂರನೇ ಸಲ ತಾಯಿ ತನ್ನ ಬೆರಳನ್ನು ಎಡಗೈಗೆ ಹಿಡಿಯಲು ಕೊಟ್ಟಳು.

ಅಜ್ಜಿಗೆ ಹೇಳಿದೆ: "ನಿಮ್ಮ ಕೈ ಮಡಿಲಲ್ಲಿ ಇಟ್ಕೊಳ್ಳಿ. ಕೂಸಿನ ಕೈ ಮುಟ್ಟಬೇಡಿ. ಮನಸ್ಸಲ್ಲೇ ಇಪ್ಪತ್ತರವರೆಗೆ ಎಣಿಸಿ."

"ಕೈ ಕಟ್ಕೊಂಡು ಕೂತ್ರೆ ಕೂಸಿಗೆ ಕೈ ಬರ್ತದೇನ್ರಿ?" ಎಂದರು ಅಜ್ಜಿ. ಆದರೂ ಕೂತರು.

ಪುಟ್ಟಿ ಬಳೆ ನೋಡಿದಳು. ಬಾಯಿ ತೆರೆದಳು. ಉಸಿರು ಜೋರಾಯಿತು, ಎರಡೂ ಕಾಲು ಒದ್ದಳು. ಅಜ್ಜಿಯ ಕೈ ಮಡಿಲಿನಿಂದ ಏಳಲು ಹೋಯಿತು, ತಡೆದೆ. ಬಲ ಭುಜ ಸ್ವಲ್ಪ ಎದ್ದಿತು. ಮುಷ್ಟಿ ಕಂಬಳಿಯ ಮೇಲೆ ಒಂದು ಗೇಣು ಜಾರಿತು, ನಿಂತಿತು, ಮತ್ತೆ ಜಾರಿತು. ಹದಿನೇಳು ಎಣಿಸುವ ಹೊತ್ತಿಗೆ ಬೆರಳ ಗೆಣ್ಣು ಬಳೆಗೆ ತಾಗಿ ಟಕ್ ಎಂದಿತು. ಪುಟ್ಟಿ ಸ್ತಬ್ಧವಾಗಿ ಅದನ್ನೇ ನೋಡಿದಳು. ಎರಡನೇ ಸಲ ತಾಗಿದಾಗ ಕಿರುಬೆರಳು, ಉಂಗುರಬೆರಳು ಬಿಚ್ಚಿದ್ದವು.

"ಅಯ್ಯೋ, ತಾನೇ ತಂದ್ಲಲ್ರೀ!" ಅಜ್ಜಿಯ ಕಣ್ಣಲ್ಲಿ ನೀರು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಪ್ರೀತಿ ಇರುವ ಕೈ ತಡೆಯಲಾರದು, ಸಹಾಯಕ್ಕೆ ಓಡುತ್ತದೆ. ಬೆರಳು ಬಿಡಿಸಿ ಆಟಿಕೆ ತುರುಕುತ್ತದೆ. ಅಷ್ಟರಲ್ಲಿ ಮಗು ಶುರು ಮಾಡಿದ್ದ ಪ್ರಯತ್ನ ಅಲ್ಲೇ ನಿಂತುಹೋಗುತ್ತದೆ. ಇಂಥ ಮಕ್ಕಳಿಗೆ ಸೋತ ಕೈ ಹೊರಡಲು ತುಂಬಾ ಹೊತ್ತು ಬೇಕು. ಆ ಹೊತ್ತನ್ನು ಕೊಡುವುದನ್ನು ನಾನು ಯಾವ ಮನೆಗೂ ಕಲಿಸಿರಲಿಲ್ಲ.

ಕೈಗೆ ಕುಲಾವಿ

ದಿನಾ ಎಡಗೈ ಹಿಡಿದು ಕೂರಲು ಇನ್ನೊಬ್ಬರು ಇರುವುದಿಲ್ಲ. ಸ್ವೀಡನ್ನಿನ ಕ್ರಮದಲ್ಲಿ ಚೆನ್ನಾಗಿರುವ ಕೈಗೆ ಮೆತ್ತನೆಯ ಗವಸು ಹಾಕುತ್ತಾರೆ. ದಿನಕ್ಕೆ 30 ನಿಮಿಷ, ವಾರಕ್ಕೆ ಆರು ದಿನ, ಆರು ವಾರ. ಆಮೇಲೆ ಆರು ವಾರ ಬಿಡುವು, ಮತ್ತೆ ಆರು ವಾರ. ಅದಕ್ಕಿಂತ ಜಾಸ್ತಿ ಹೊತ್ತು ಬೇಡ, ಯಾಕೆಂದರೆ ಆ ಕೈಯೂ ಬೆಳೆಯುವ ಕೈ, ಅದಕ್ಕೂ ಆಟ ಬೇಕು. ಗವಸು ಹಾಕಿದಾಗ ದೊಡ್ಡವರು ಎದುರಿಗೆ ಇರಲೇಬೇಕು, ನಿದ್ದೆಯಲ್ಲಿ ಹಾಕಬಾರದು, ಮಗು ಜೋರಾಗಿ ಅತ್ತರೆ ತಕ್ಷಣ ತೆಗೆಯಬೇಕು.

"ಆಡೋ ಕೂಸಿನ ಕೈ ಕಟ್ಟಬಾರ್ದು" ಎಂದರು ಅಜ್ಜಿ. ನಾನು ವಾದ ಮಾಡಲಿಲ್ಲ. ಬೇಕಾದರೆ ನೀವೇ ಹೊಲಿಯಿರಿ, ಕೈಗೆ ಹಾಕಿ ನೋಡಿ, ಕಟ್ಟಿದ ಹಾಗೆ ಅನಿಸಿದರೆ ಬೇಡ ಎಂದೆ. ಪುಟ್ಟಿಯ ಕುಲಾವಿ ಹೊಲಿದು ಉಳಿದ ಮೆತ್ತನೆ ಬಟ್ಟೆಯಲ್ಲೇ ಅಜ್ಜಿ ಒಂದು ಪುಟ್ಟ ಚೀಲ ಹೊಲಿದರು. ಅದಕ್ಕೆ "ಕೈ ಕುಲಾವಿ" ಎಂದು ಹೆಸರಿಟ್ಟರು. ಹೆಸರು ಬಂದ ಮೇಲೆ ಮನೆಯಲ್ಲಿ ಭಯ ಕಡಿಮೆಯಾಯಿತು. ವಾರದ ರಜೆಯನ್ನೂ ಅವರೇ ಗೊತ್ತು ಮಾಡಿದರು: "ಸೋಮವಾರ ಎತ್ತಿಗೂ ರಜೆ, ನಮ್ಮ ಪುಟ್ಟಿಗೂ ರಜೆ."

ಐದನೇ ದಿನ ಫೋನ್ ಬಂತು. ಕುಲಾವಿ ಕಂಡರೆ ಸಾಕು ಅಳುತ್ತಾಳಂತೆ. ಯಾವಾಗ ಹಾಕುತ್ತೀರಿ ಎಂದು ಕೇಳಿದೆ. ಎರೆದಾದ ಮೇಲೆ. ಎರೆದ ಮೇಲೆ ಯಾವ ಕೂಸಿಗಾದರೂ ನಿದ್ದೆ ಬರುತ್ತದೆ, ಅಲ್ವಾ? ಹೊತ್ತು ಬದಲಿಸಿದೆವು. ಅರ್ಧ ಗಂಟೆಯನ್ನು ಹತ್ತತ್ತು ನಿಮಿಷದ ಮೂರು ಪಾಲು ಮಾಡಿದೆವು: ಬೆಳಗಿನ ನಿದ್ದೆಯಿಂದ ಎದ್ದು ಹಾಲು ಕುಡಿದ ಮೇಲೆ ಒಂದು, ಸಂಜೆ ಎರಡು.

ಲೆಕ್ಕ ಇಡಲು ನಾನು ಪಟ್ಟಿ ಕೊಟ್ಟಿದ್ದೆ. ಅಜ್ಜಿಗೆ ಓದು ಬರಹ ಇಲ್ಲ. ಅವರು ಒಂದು ಮುಚ್ಚಳದ ಡಬ್ಬಿಯನ್ನು ಗೂಡಿನಲ್ಲಿ ಎತ್ತರಕ್ಕೆ ಇಟ್ಟು, ಹತ್ತು ನಿಮಿಷಕ್ಕೊಂದು ಹುಣಸೆ ಬೀಜ ಹಾಕಿದರು. ಭಾನುವಾರ ತಾಯಿ ಎಣಿಸಿ ವಾಟ್ಸಾಪಿನಲ್ಲಿ ಹೇಳುತ್ತಿದ್ದಳು, ಜೊತೆಗೆ ಐದು ನಿಮಿಷದ ವಿಡಿಯೋ. ಆರು ವಾರಕ್ಕೆ 108 ಬೀಜ ಆಗಬೇಕಿತ್ತು, 86 ಆದವು. ಸುಮಾರು 14 ಗಂಟೆ. ಅಳತೆಗೂ ಆ ವಿಡಿಯೋಗಳೇ: ಕುಲಾವಿ ಇಲ್ಲದೆ, ಅದೇ ಮೂರು ವಸ್ತು, ಒಟ್ಟು 12 ಸಲ ತೋರಿಸುವುದು. ಬಲಗೈ ತಾನಾಗಿ ಎಷ್ಟು ಸಲ ಬಂತು ಎಂದು ನಾನು ಎಣಿಸುತ್ತಿದ್ದೆ. ಶುರುವಿನಲ್ಲಿ 12ರಲ್ಲಿ ಒಂದು ಸಲ. ಆರು ವಾರದ ಕೊನೆಗೆ ಏಳು ಸಲ.

ಮೆಕ್ಕೆಜೋಳದ ಸುಗ್ಗಿ, ಗಂಡನ ಮನೆ

ಬಿಡುವಿನ ಆರು ವಾರ ಮೆಕ್ಕೆಜೋಳದ ಕೊಯ್ಲಿಗೆ ಸರಿಯಾಗಿ ಬಂತು. ಅಜ್ಜಿ ಹೊಲದಲ್ಲಿದ್ದರು. ತೆನೆ ಸುಲಿದ ಒಣ ಸಿಪ್ಪೆಯ ಪರಪರ ಸದ್ದಿಗೆ ಪುಟ್ಟಿ ಎರಡೂ ಕೈ ಚಾಚುತ್ತಿದ್ದಾಳೆ ಎಂದು ತಾಯಿ ತಾನಾಗಿ ವಿಡಿಯೋ ಕಳಿಸಿದಳು. ನಾನು ಹೇಳಿಕೊಟ್ಟಿದ್ದಲ್ಲ ಅದು.

ದೀಪಾವಳಿ ಆದ ಮೇಲೆ ಕೂಸು, ಬಾಣಂತಿಯನ್ನು ಗಂಡನ ಮನೆಗೆ ಕಳಿಸಿದರು. ಈ ವಿಷಯ ನನ್ನ ತಲೆಗೇ ಬಂದಿರಲಿಲ್ಲ. ಬಾಣಂತನ ಮುಗಿಯುತ್ತದೆ, ಕಲಿತ ಅಜ್ಜಿ ಅಲ್ಲೇ ಉಳಿಯುತ್ತಾರೆ ಎಂದು ಮೊದಲೇ ಯೋಚಿಸಬೇಕಿತ್ತು. ಕುಲಾವಿ, ಬಳೆ ಗೊಂಚಲು, ಬೀಜದ ಡಬ್ಬಿ ಎಲ್ಲ ಚಳ್ಳಕೆರೆ ಕಡೆಗೆ ಹೋದವು. ಎರಡು ವಾರ ಒಂದು ಬೀಜವೂ ಬೀಳಲಿಲ್ಲ.

ಫೋನಿನಲ್ಲಿ ತಂದೆ ನೇರವಾಗಿ ಹೇಳಿದ. "ಮೇಡಂ, ಸ್ಕೂಲಲ್ಲಿ ನನ್ನ ಎಡಗೈ ಬೆಂಚಿಗೆ ಕಟ್ಟಿ ಬಲಗೈಲಿ ಬರೆಸಿದ್ರು. ಹೊಡೆದಿದ್ರು. ನನ್ನ ಮಗಳಿಗೆ ನಾನು ಅದನ್ನ ಮಾಡಲ್ಲ."

ಆ ಮಾತಿಗೆ ಏನು ಹೇಳಬೇಕೆಂದು ನನಗೆ ತಕ್ಷಣ ತೋಚಲಿಲ್ಲ. ಅವನ ಸಿಟ್ಟು ನ್ಯಾಯವಾದದ್ದು. ಮರುದಿನ ಚಳ್ಳಕೆರೆಗೆ ಹೋಗಿ ಮಾತಾಡಿದೆ. ನಿಮ್ಮ ಎರಡು ಕೈಯೂ ಚೆನ್ನಾಗಿದ್ದವು, ಎಡಗೈ ನಿಮ್ಮ ಮಿದುಳಿನ ಆಯ್ಕೆ, ಅದನ್ನು ತಡೆದದ್ದು ತಪ್ಪು. ಪುಟ್ಟಿಯೂ ಜೀವಮಾನವೆಲ್ಲ ಎಡಗೈಯಲ್ಲೇ ಬರೆಯುತ್ತಾಳೆ, ಅದನ್ನು ಯಾರೂ ಬದಲಿಸಬಾರದು. ಬಲಗೈಯನ್ನು ಮುಖ್ಯ ಕೈ ಮಾಡಲು ನಾವು ಹೊರಟಿಲ್ಲ. ಎಡಗೈ ತಟ್ಟೆಯಿಂದ ಉಣ್ಣುವಾಗ ತಟ್ಟೆ ಹಿಡಿಯುವ, ಎಡಗೈ ಬರೆಯುವಾಗ ಪುಸ್ತಕ ಒತ್ತಿ ಹಿಡಿಯುವ ಜೊತೆಗಾರ ಕೈ ಆಗಲಿ ಅಂತ. ಅವನು ಬಹಳ ಹೊತ್ತು ಸುಮ್ಮನಿದ್ದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಬಲಗೈ ನೋಡುತ್ತಾ, "ಹಂಗಾದ್ರೆ ದಿನಕ್ಕೆ ಹತ್ತು ನಿಮಿಷ ಹಾಕ್ತೀನಿ. ನಾನೇ ಹಾಕ್ತೀನಿ. ಜಾಸ್ತಿ ಬೇಡ" ಎಂದ.

ಒಪ್ಪಿಕೊಂಡೆ. ಮೂವತ್ತಕ್ಕೆ ಹಟ ಹಿಡಿದಿದ್ದರೆ ಹತ್ತೂ ಸಿಗುತ್ತಿರಲಿಲ್ಲ. ಉಳಿದ ಇಪ್ಪತ್ತು ನಿಮಿಷವನ್ನು ಎರಡು ಕೈ ಬೇಕಾಗುವ ಆಟಕ್ಕೆ ತಿರುಗಿಸಿದೆ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಗವಸಿನ ಚಿಕಿತ್ಸೆ, ಎರಡು ಕೈ ಆಟದ ಚಿಕಿತ್ಸೆ ಎರಡನ್ನೂ ಸಮಾನ ಹೊತ್ತು ಮಾಡಿಸಿ ಹೋಲಿಸಿದಾಗ ಫಲ ಹೆಚ್ಚುಕಡಿಮೆ ಒಂದೇ ಬಂದಿದೆ. ಪುಟ್ಟಿ ಆಗಲೇ ಎಂಟು ತಿಂಗಳು ದಾಟಿ ಕೂರುತ್ತಿದ್ದಳು. ಒಂದು ಕೈಗೆ ಸಿಗದ ದೊಡ್ಡ ರಬ್ಬರ್ ಚೆಂಡು, ಹರಿಯಲು ಹಳೆಯ ಪೇಪರ್, ಎರಡು ಕಡೆ ಹಿಡಿದು ಎಳೆಯುವ ಟವೆಲ್. ಆ ಮನೆಯ ಅಜ್ಜಿ ಪ್ರೀತಿಯಿಂದ ಶೇಂಗಾ ಕೊಟ್ಟು ಹೆಕ್ಕಿಸಲು ನೋಡಿದರು. ಗಂಟಲಿಗೆ ಸಿಕ್ಕಿಕೊಂಡೀತು, ಬೇಡವೇ ಬೇಡ ಎಂದು ಗಟ್ಟಿಯಾಗಿಯೇ ಹೇಳಿದೆ. ಮೆತ್ತಗೆ ಬೇಯಿಸಿದ ಕ್ಯಾರೆಟ್ ಚೂರು ಸಾಕು.

ತಂದೆ ಗೂಡ್ಸ್ ಆಟೋ ಓಡಿಸುತ್ತಾನೆ. ಬೆಳಿಗ್ಗೆ ಬಾಡಿಗೆಗೆ ಹೊರಡುವ ಮೊದಲು ಕುಲಾವಿ ಹಾಕುತ್ತಿದ್ದ. ವಿಡಿಯೋಗಳಲ್ಲಿ ಅವನ ದನಿ ಕೇಳುತ್ತದೆ, ಮೆಲ್ಲಗೆ, "ಹದಿಮೂರು, ಹದಿನಾಲ್ಕು..." ಎಂದು. ಜಗಳೂರಿನ ಅಜ್ಜಿ ಮಗಳಿಗೆ ಹೇಳಿಕೊಟ್ಟಿದ್ದನ್ನು ಅವಳು ಗಂಡನಿಗೆ ಹೇಳಿಕೊಟ್ಟಿದ್ದಳು.

ಏನಾಯಿತು

ಎರಡನೇ ಸುತ್ತಿನ ಕೊನೆಗೆ 12ರಲ್ಲಿ ಒಂಬತ್ತು ಸಲ ಬಲಗೈ ಬರುತ್ತಿತ್ತು. ಹೆಬ್ಬೆರಳು ಒಳಗೆ ಹೋಗುವುದು ಮಾತ್ರ ನಿಲ್ಲಲಿಲ್ಲ. ಅದಕ್ಕೆ ಮೆತ್ತನೆ ಪಟ್ಟಿಯ ಒಂದು ಹೆಬ್ಬೆರಳ ಆಸರೆ ಮಾಡಿಸಿ ಆಟದ ಹೊತ್ತಿಗೆ ಹಾಕಿದೆವು, ಸ್ವಲ್ಪ ಅನುಕೂಲವಾಯಿತು. ಹದಿಮೂರನೇ ತಿಂಗಳಲ್ಲಿ ವೈದ್ಯರು ಹೆಸರು ಖಚಿತ ಮಾಡಿದರು: ಬಲಬದಿಯ ಸೆರೆಬ್ರಲ್ ಪಾಲ್ಸಿ. ಅಷ್ಟೊತ್ತಿಗೆ ಆ ಹೆಸರು ಮನೆಯವರಿಗೆ ಹೊಸದಲ್ಲ, ಯಾರೂ ಕುಸಿಯಲಿಲ್ಲ. ಹದಿನೇಳನೇ ತಿಂಗಳಿಗೆ ನಡೆದಳು, ಬಲ ಹಿಮ್ಮಡಿ ನೆಲಕ್ಕೆ ಪೂರ್ತಿ ಊರುವುದಿಲ್ಲ. ಅದರ ಕೆಲಸ ಬೇರೆ ನಡೆಯುತ್ತಿದೆ. ಸೆರೆಬ್ರಲ್ ಪಾಲ್ಸಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಒಂದು. ಅಂಗವಿಕಲರ ಕಾರ್ಡ್ ಮಾಡಿಸುವ ಮಾತು ಬಂದಾಗ ತಂದೆ ಆರು ತಿಂಗಳು ಟೈಮ್ ಕೇಳಿದ್ದಾನೆ, ನಾವು ಒತ್ತಾಯ ಮಾಡಿಲ್ಲ.

ಚಿಕಿತ್ಸೆಯಿಂದಲೇ ಇಷ್ಟು ಆಯಿತು ಎಂದು ಒಂದು ಮಗುವನ್ನು ನೋಡಿ ಹೇಳಲಾಗದು. ಕೂಸು ಬೆಳೆಯುತ್ತಾ ತಾನಾಗಿಯೂ ಒಂದಿಷ್ಟು ಕಲಿಯುತ್ತಿತ್ತು. ನನ್ನ ಎಣಿಕೆಯೂ ಮನೆಯ ಎಣಿಕೆ. ಇಂಥ ಶಿಶುಗಳ ಕೈ ಅಳೆಯಲು ಹೈ ಎಂಬ ಸರಿಯಾದ ಪರೀಕ್ಷೆ ಇದೆ, ಮೂರರಿಂದ ಹನ್ನೆರಡು ತಿಂಗಳವರಿಗೆ. ಅದಕ್ಕೆ ತರಬೇತಿ ಬೇಕು, ನನಗೆ ಆಗ ಆಗಿರಲಿಲ್ಲ. ಆದರೂ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ಎರಡು ವರ್ಷಕ್ಕೆ ಬರುವ ಮಕ್ಕಳು ಸೋತ ಕೈಯನ್ನು ಮರೆತೇ ಬಿಟ್ಟಿರುತ್ತಾರೆ, ಆಟಿಕೆಯನ್ನು ಹಲ್ಲಲ್ಲಿ ಕಚ್ಚಿ ಚೆನ್ನಾಗಿರುವ ಕೈಯಲ್ಲಿ ಎಳೆಯುತ್ತಾರೆ. ಪುಟ್ಟಿ ತನ್ನ ಬಲಗೈ ಮರೆತಿಲ್ಲ.

ನಾನು ಬದಲಿಸಿಕೊಂಡದ್ದು

ಅಚ್ಚು ಹಾಕಿದ ಹಾಳೆ ಕೊಡುವುದನ್ನು ನಿಲ್ಲಿಸಿದೆ. ಮೊದಲ ದಿನವೇ "ಕೂಸಿಗೆ ಎರೆಯುವವರು ಯಾರು?" ಎಂದು ಕೇಳುತ್ತೇನೆ, ಅವರನ್ನೇ ಎದುರಿಗೆ ಕೂರಿಸಿ ಕಲಿಸುತ್ತೇನೆ. ಬಾಣಂತನ ಯಾವಾಗ ಮುಗಿಯುತ್ತದೆ, ಆಮೇಲೆ ಯಾವ ಊರು, ಅಲ್ಲಿ ಯಾರಿದ್ದಾರೆ ಎಂದು ಬರೆದುಕೊಂಡು, ಹೊರಡುವ ಮೊದಲೇ ಆ ಮನೆಯ ಒಬ್ಬರನ್ನು ಕರೆಸುತ್ತೇನೆ. ಮನೆಯಲ್ಲಿ ಎಡಚರು ಇದ್ದರೆ ಅವರ ಶಾಲೆಯ ಕಥೆ ಮೊದಲು ಕೇಳುತ್ತೇನೆ. ನವಜಾತ ಶಿಶು ಘಟಕದಿಂದ ಹೊರಡುವ ಕೂಸುಗಳ ಕಾರ್ಡಿನ ಮೇಲೆ, ಯಾವ ಬದಿಯ ಕೈ ನೋಡಬೇಕು, ಯಾವ ತಿಂಗಳು ಬರಬೇಕು ಎಂದು ಕನ್ನಡದಲ್ಲಿ ಎರಡು ಸಾಲು ಬರೆಯಿರಿ ಎಂದು ಸಿಕ್ಕ ವೈದ್ಯರಿಗೆಲ್ಲ ಕೇಳಿಕೊಳ್ಳುತ್ತಿದ್ದೇನೆ. ಕೆಲವರು ಬರೆಯಲು ಶುರು ಮಾಡಿದ್ದಾರೆ.

ಹದಿನೆಂಟನೇ ತಿಂಗಳ ಭೇಟಿಗೆ ಎರಡೂ ಮನೆಯವರು ಬಂದಿದ್ದರು. ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆ ಹಳೆಯ ಬಳೆ ಗೊಂಚಲು ಹಾಕಿ ಪುಟ್ಟಿಯ ಮುಂದಿಟ್ಟೆ. ಎಡಗೈಯಲ್ಲಿ ಮುಚ್ಚಳ ಎಳೆದಳು, ಡಬ್ಬಿ ಜಾರಿತು. ತಂದೆ ಮುಂದೆ ಬಾಗಿದ. ಜಗಳೂರಿನ ಅಜ್ಜಿ ಅವನ ತೋಳು ಹಿಡಿದು ಹಿಂದಕ್ಕೆ ಎಳೆದು, "ಸುಮ್ನಿರಪ್ಪ, ಎಣಸು" ಎಂದರು. ಪುಟ್ಟಿ ಬಲಗೈ ಮಣಿಕಟ್ಟನ್ನು ಡಬ್ಬಿಯ ಮೇಲೆ ಒತ್ತಿ, ಎದೆಗೆ ಆನಿಸಿಕೊಂಡು, ಇನ್ನೊಂದು ಸಲ ಎಳೆದಳು. ಮುಚ್ಚಳ ಬಂತು.